ಅಮಸಿದ್ದನ ಒಡ್ಡು, ರೇವವ್ವನ ದಾರಿ

ಹಂಗಲ್ಲ ಮಗಳ, ಗುಡ್ಡ ಎಲ್ಲಿಗೂ ಓಡಿ ಹೋಗಂಗಿಲ್ಲ, ಇಲ್ಲೇ ಕಟ್ಟಿ ಮ್ಯಾಲೆ ಕುಂದ್ರು. ಬೂಟು ಬಿಚ್ಚಬ್ಯಾಡ, ಮತ್ತ ಕಟ್ಟಿಕೊಳ್ಳೋದ್ರಾಗ ಮಧ್ಯಾಹ್ನ ಆಗತೈತಿ. ನೀರು ಕುಡಿ. ಬೆನ್ನಿಗೆ ಚೀಲ ಏರಿಸ್ಕೊಂಡು ಈ ಓಣಿಗೆ ಬಂದೋರೆಲ್ಲ ಗುಡ್ಡಕ್ಕ ಹೋಗೋರೇ. ಮ್ಯಾಲೆ ಏನೈತಿ ಅಂತ ನನಗ ಇನ್ನೂ ತಿಳದಿಲ್ಲ; ಹತ್ತತೀರಿ, ಇಳೀತೀರಿ, ಬೆವತು ನಕ್ಕೋತ ಹೋಗತೀರಿ. ಹೋಗ್ರಿ, ನಾ ಯಾಕ ಬ್ಯಾಡನ್ನಲಿ. ಆದರ ನೀ ತುಳಿಯೋ ದಾರಿ ಮಾಡಿದಾಕಿ ನಮ್ಮ ಬಾಜೂ ಮನಿ ರೇವವ್ವ. ಆ ದಾರಿ ಸಲುವಾಗಿ ಅಕಿ ತಲಿ ಎಷ್ಟು ಕೆಟ್ಟೈತಿ ಅಂಬೋದನ್ನ ಕೇಳಿಕೊಂಡು ಹತ್ತು.

ರೇವವ್ವ ಹುಟ್ಟಿದ್ದು ಇಂಡಿ ತಾಲೂಕಿನ ಅಗರಖೇಡದಲ್ಲಿ, ಭೀಮಾ ಹೊಳೆಯ ಸಾಲಿನಲ್ಲಿ. ಕೊಟ್ಟದ್ದು ಈ ಇಂಗಳೇಶ್ವರಕ್ಕೆ, ಅಮಸಿದ್ದನಿಗೆ. ಅವಳ ದನಿ ಕೇಳಿದವರಿಗೆ ಅವಳು ಹೊಳೆಸಾಲಿನವಳು ಎಂದು ಬೇರೆ ಹೇಳಬೇಕಾಗಿಲ್ಲ. ಈ ದಂಡೆಯಲ್ಲಿ ನಿಂತು ಆ ದಂಡೆಯವರನ್ನು ಊಟಕ್ಕೆ ಕರೆದು ಬೆಳೆದ ದನಿ ಅದು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಹಿತ್ತಲಲ್ಲಿ ನಿಂತು ಯಾರನ್ನಾದರೂ ಕೂಗಿದರೆ ರಸ್ತೆಯಲ್ಲಿ ಬಸ್ಸು ನಿಲ್ಲುತ್ತಿತ್ತು. ಅವಳ ಅತ್ತೆ ಕಿವಿಗೆ ಅರಳೆ ಇಟ್ಟುಕೊಂಡು ರೊಟ್ಟಿ ಬಡಿಯುತ್ತಿದ್ದಳು. ಆ ಅತ್ತೆಯೂ ಸಾಮಾನ್ಯಳಲ್ಲ. ಒಂದು ರೊಟ್ಟಿ ಹರಿದರೆ ಹಿಟ್ಟು ಬೀಸಿದವರಿಂದ ಹಿಡಿದು ಜೋಳ ಬಿತ್ತಿದವರವರೆಗೆ ಎಲ್ಲರನ್ನೂ ಬೈಯುತ್ತಿದ್ದಳು. ಇರಲಿ, ಸತ್ತು ಸ್ವರ್ಗದಲ್ಲಿದ್ದಾಳೆ. ಅಲ್ಲಿಯ ರೊಟ್ಟಿಗಳು ಹರಿಯದಂತೆ ನೋಡಿಕೊಳ್ಳುತ್ತಿರಬೇಕು.

ಆ ದನಿಯೇ ರೇವವ್ವನನ್ನು ಮುಕಾದಮಳನ್ನಾಗಿ ಮಾಡಿತು. ಕೂಲಿಯವರ ಗುಂಪನ್ನು ಕಟ್ಟಿ, ಕೆಲಸಕ್ಕೆ ಒಯ್ದು, ದುಡಿಸಿ, ಮನೆ ಮುಟ್ಟಿಸುವವರು ನಮ್ಮಲ್ಲಿ ಮುಕಾದಮರು. ಜೋಳದ ಸುಗ್ಗಿ ಮುಗಿದ ಮೇಲೆ ಮುಂದಿನ ಬಿತ್ತಿಗೆಯವರೆಗೆ ಹೊಲ ಸುಮ್ಮನೆ ಮಲಗುತ್ತದೆ, ಜನ ಮಲಗಲಾಗುವುದಿಲ್ಲ. ಪ್ರತಿ ವರ್ಷ ಬೇಸಿಗೆ ಬಂತೆಂದರೆ ರೇವವ್ವ ಗುಂಪು ಕಟ್ಟಿಕೊಂಡು ಗೋವಾದ ಟ್ರಕ್ಕು ಹತ್ತುತ್ತಿದ್ದಳು. ಅಲ್ಲಿ ಕಟ್ಟಡದ ಕೆಲಸ, ಮಲಗಲು ಪತ್ರಾಸಿನ, ಅಂದರೆ ತಗಡಿನ ಶೆಡ್ಡು. ಹಗಲೆಲ್ಲ ಕಾದ ಪತ್ರಾಸು ಸಂಜೆಗೆ ಮೈ ಮೇಲೆ ಉಸಿರು ಬಿಡುತ್ತಿತ್ತು. ಕಡಲಿನ ಗಾಳಿ ಎಂದು ಜನ ದುಡ್ಡು ಕೊಟ್ಟು ಹೋಗುತ್ತಾರಲ್ಲ, ಆ ಗಾಳಿ ಶೆಡ್ಡಿನ ಬಾಗಿಲಿಗೆ ಬಂದು ಒಳಗೆ ಹಣಕಿ ನೋಡಿ ತಿರುಗಿ ಹೋಗುತ್ತಿತ್ತು. ಅಂಟಿಕೊಂಡ ಸೀರೆಯಲ್ಲಿ ಹೊರಳಾಡುತ್ತ ರೇವವ್ವ ಒಂದೇ ಮಾತು ಹೇಳುತ್ತಿದ್ದಳು:

“ಒಂದು ಬ್ಯಾಸಗಿ ನಮ್ಮ ಮಾಳಿಗಿ ಮ್ಯಾಲೆ ಮಲಗಿದ್ರ ಸಾಕಾಗಿತ್ತು ನೋಡ ಸಗೀರಾ.”

ಸಗೀರಾ ಅವಳ ಗುಂಪಿನವಳು, ಬೆಳಗಿನಿಂದ ಸಂಜೆಯವರೆಗೆ ಜೊತೆಯವಳು. ಬಾಯಿ ಅವಳದೂ ಕಡಿಮೆಯಿಲ್ಲ. “ಮಾಳಿಗಿ ಇಲ್ಲಿಗೆ ತರಿಸ್ಕೋ ಅಕ್ಕಾ, ಟ್ರಕ್ಕಿನ್ಯಾಗ ಜಾಗ ಐತಿ” ಎನ್ನುತ್ತಿದ್ದಳು.

ಹೀಗಿರುವಾಗ ನಮ್ಮ ಗುಡ್ಡಕ್ಕೆ ದಾರಿ ಬಂತು. ವಿಜಯಪುರದಿಂದ, ಬಾಗೇವಾಡಿಯಿಂದ ಕಾಲೇಜಿನ ಮಕ್ಕಳು, ನಿವೃತ್ತ ಮಾಸ್ತರರು, ನಿನ್ನಂಥವರು ರವಿವಾರ ಗುಡ್ಡ ಹತ್ತಲು ಬರತೊಡಗಿದ್ದರು. ದಾರಿ ತಪ್ಪಿ ಮುಳ್ಳುಕಂಟಿಯಲ್ಲಿ ಸಿಕ್ಕಿಕೊಂಡು ಕೂಗುತ್ತಿದ್ದರು. ಕುರಿ ಕಾಯುವವರು ಹೋಗಿ ಬಿಡಿಸಿ ತರುತ್ತಿದ್ದರು. ಕೊನೆಗೆ ಇಲಾಖೆಯ ಮೇಲಿನವರು ಒಂದು ಸರಿಯಾದ ಕಾಲುದಾರಿ ಮಾಡಿಸುವುದೆಂದು ನಿಶ್ಚಯಿಸಿದರು. ಬೇಸಿಗೆಯಲ್ಲಿ ದಾರಿ ಕಡಿಯುವುದು, ಕಲ್ಲು ಕೂಡಿಸುವುದು. ಮಳೆಗಾಲ ಮುಗಿದ ಮೇಲೆ ಕೊರೆದದ್ದು ತುಂಬುವುದು, ಬಿದ್ದದ್ದು ನಿಲ್ಲಿಸುವುದು. ವರ್ಷಕ್ಕೆ ಎರಡು ಹಂಗಾಮಿನ ಕೆಲಸ, ಅದೂ ಮನೆಯ ರೊಟ್ಟಿ ತಿಂದುಕೊಂಡು. ರೇವವ್ವನ ಗುಂಪಿಗೆ ಕೆಲಸ ಸಿಕ್ಕಿತು, ಆದರೆ ಒಂದು ಮಾತಿನ ಮೇಲೆ. ಮೊದಲ ಮಳೆಗೆ ದಾರಿ ನಿಂತರೆ ವರ್ಷಾ ವರ್ಷಾ ಇವರದೇ. ನಿಲ್ಲದಿದ್ದರೆ ಬೇರೆ ಕಡೆಯ ಗುಂಪು ಬರುತ್ತದೆ, ರೇವವ್ವ ಮತ್ತೆ ಗೋವಾದ ಟ್ರಕ್ಕು ನೋಡಿಕೊಳ್ಳಬೇಕು.

ಆ ಬೇಸಿಗೆ ಅವಳು ಮಾಳಿಗೆಯ ಮೇಲೆ ಮಲಗಿದಳು. ಮೊದಲ ದಿನ ಸುಖ ಹೆಚ್ಚಾಗಿ ನಿದ್ದೆಯೇ ಹತ್ತಲಿಲ್ಲ ಎಂದು ನನ್ನ ಮುಂದೆ ಹೇಳಿದಳು. ಅದಕ್ಕೂ ಅವಳಿಗೆ ಸಿಟ್ಟೇ.

ದಾರಿಯ ಕೆಲಸ ನೋಡಿಕೊಳ್ಳಲು ಬಂದವನು ಸಿಂದಗಿಯ ಅಶ್ಫಾಕ. ಹಸನಾದ ಹುಡುಗ, ಘಟ್ಟದ ಕಡೆ ಇಂಥ ದಾರಿಗಳನ್ನು ಮಾಡಿಸಿ ಬಂದವನು. ಮೊದಲ ದಿನವೇ ಎಲ್ಲರನ್ನೂ ಬೇವಿನ ಗಿಡದ ಕೆಳಗೆ ಕೂಡಿಸಿ ಅವನು ಒಂದು ಮಾತು ಹೇಳಿದ:

“ನೋಡ್ರಿ, ದಾರಿಗೆ ಮೊದಲನೇ ವೈರಿ ಅಂದ್ರ ನೀರು.”

ಗುಂಪಿನವರು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದೆ ಕುಳಿತಿದ್ದ ಅಮಸಿದ್ದ ಬಾಯಿಯ ಎಲೆಯಡಿಕೆಯನ್ನು ಪಕ್ಕಕ್ಕೆ ಸರಿಸಿದ. “ನೀರಿಗೆ ವೈರಿ ಅಂತಾನಲ್ಲೋ ಈ ಮಗ! ಸಿಂದಗ್ಯಾಗ ಏನು ಕುಡೀತಾರ ಇವರು?”

“ಹಂಗಲ್ಲ ಕಾಕಾ. ನೀರು ದಾರಿ ಮ್ಯಾಲೆ ನಿಂತರ ಕೆಸರಾಗತೈತಿ, ಹರಿದ್ರ ಕೊರೀತೈತಿ. ಬಂದ ನೀರು ಬಂದಲ್ಲೇ ಹೊರಗ ಬೀಳಬೇಕು.”

ಅಶ್ಫಾಕ ತಾನೇ ಕಲ್ಲು ಹಿಡಿದು ತೋರಿಸಿದ. ದಾರಿಗೆ ಅಡ್ಡಲಾಗಿ, ಆದರೆ ಓರೆಯಾಗಿ, ಸಾಲುಗಲ್ಲು ಹುಗಿಯಬೇಕು. ಇಳಿಜಾರಿನ ಕಡೆಯ ತುದಿ ತಗ್ಗಾಗಿರಬೇಕು. ಮೇಲಿನಿಂದ ಹರಿದು ಬಂದ ನೀರು ಆ ಕಲ್ಲಿಗೆ ಬಡಿದು, ಅದರ ಗುಂಟ ಸರಿದು, ಗುಡ್ಡದ ಬದಿಗೆ ಬಿದ್ದು ಹೋಗುತ್ತದೆ. ಎಲ್ಲರಿಗೂ ತಿಳಿಯಿತು. ಅಮಸಿದ್ದನಿಗೂ ತಿಳಿಯಿತು, ತಲೆ ಆಡಿಸಿದ. ಗುಡ್ಡದ ಬುಡದಿಂದ ಮೊದಲ ತಿರುವಿನವರೆಗೆ ಅಶ್ಫಾಕನ ಕಣ್ಣೆದುರಿಗೆ ಕೆಲಸ ಅವನು ಹೇಳಿದಂತೆಯೇ ನಡೆಯಿತು. ಆಮೇಲೆ ಅವನ ತಂಗಿಯ ಮದುವೆ ಬಂತು, ಅವನು ಸಿಂದಗಿಗೆ ಹೋದ. ತಿರುವಿನಿಂದ ಮೇಲಿನ ದಾರಿಗೆ ಕಲ್ಲು ಕೂಡಿಸುವ ಕೆಲಸ ಅಮಸಿದ್ದನ ಕೈಗೆ ಬಂತು.

ಅಮಸಿದ್ದ ಎಂಥವನೆಂದು ಹೇಳಲೇಬೇಕು. ಹೊರ್ತಿಯಿಂದ ಮುದ್ದೇಬಿಹಾಳದವರೆಗೆ ಯಾವ ಊರಿಗೆ ಹೋದರೂ ಅವನು ಕಟ್ಟಿದ ಒಡ್ಡು ಒಂದಾದರೂ ಇದೆ. ಹೊಲದ ಇಳಿಜಾರಿಗೆ ಅಡ್ಡಲಾಗಿ ಕಲ್ಲು ಮಣ್ಣು ಹಾಕಿ ಮಳೆಯ ನೀರನ್ನು ಹೊಲದಲ್ಲೇ ನಿಲ್ಲಿಸುವ ಒಡ್ಡು. ಎರಡು ತುದಿಗಳನ್ನು ಮೇಲಕ್ಕೆ ತಿರುಗಿಸಿ, ಬೊಗಸೆ ಹಿಡಿದಂತೆ ಕಟ್ಟುತ್ತಾನೆ. ಮನೆಯಲ್ಲಿ ನಾಲ್ಕು ಮಾತಾಡುವವನಲ್ಲ, ಮಳೆ ಬಿದ್ದ ಮರುದಿನ ಮಾತ್ರ ಒಡ್ಡಿನ ಮೇಲೆ ಕುಳಿತು ನೀರಿನೊಂದಿಗೆ ಗುಸುಗುಸು ಮಾತಾಡುತ್ತಾನೆ ಎಂದು ರೇವವ್ವನ ದೂರು. ಉಂಡು ಕೈ ತೊಳೆಯಬೇಕಾದರೂ ಕರಿಬೇವಿನ ಗಿಡದ ಬುಡ ಹುಡುಕಿಕೊಂಡು ಹೋಗುತ್ತಾನೆ. ಮೊಮ್ಮಕ್ಕಳು ನೀರು ಚೆಲ್ಲಿದರೆ ಬೈಯುವುದಿಲ್ಲ, ಚೆಲ್ಲಿದ ಜಾಗದಲ್ಲಿ ಒಂದು ಬೀಜ ಊರಿ ಬರುತ್ತಾನೆ.

ಇಂಥವನ ಕೈಗೆ ಇಳಿಜಾರು, ಕಲ್ಲು, ಮಣ್ಣು ಕೊಟ್ಟು ನೀರನ್ನು ಹೊರಗೆ ಹಾಕು ಎಂದರೆ? ತಲೆ ಹೌದೆಂದಿತು, ಕೈ ತನ್ನ ಕೆಲಸ ತಾನು ಮಾಡಿತು. ತಿರುವಿನಿಂದ ಮೇಲೆ ಪ್ರತಿ ಸಾಲುಗಲ್ಲೂ ದಾರಿಗೆ ನೆಟ್ಟಗೆ ಅಡ್ಡ ಕುಳಿತಿತು. ಎರಡೂ ತುದಿ ಮೇಲಕ್ಕೆ ತಿರುಗಿದವು. ಸಂದಿಯಲ್ಲೆಲ್ಲ ಗರಸು, ಅದರ ಮೇಲೆ ಕೆಳಗಿನ ಹೊಲದಿಂದ ಹೊತ್ತು ತಂದ ಎರೆಮಣ್ಣು, ಅದರ ಮೇಲೆ ಧಮ್ಮಸ್ಸಿನ ಏಟು. ರೇವವ್ವ ದಿನಾಲು ಅದೇ ದಾರಿಯಲ್ಲಿ ಹತ್ತಿ ಇಳಿದಳು. ನೋಡಿದಳು. ನಿಂತು ನೋಡಿದಳು ಕೂಡ. “ಚಂದ ಕುಂತಾವ ಕಲ್ಲು” ಎಂದು ಹೇಳಿ ಮುಂದೆ ಹೋದಳು. ಈ ನೆಲದಲ್ಲಿ ಒಡ್ಡು ನೋಡಿ ನೋಡಿ ಪಳಗಿದ ಕಣ್ಣು. ಒಡ್ಡಿನಂತೆ ಕಂಡದ್ದು ಚೆಂದವಾಗಿಯೇ ಕಂಡಿತು.

ರೋಹಿಣಿ ಮಳೆ ಒಂದು ಸಂಜೆ ಧೋ ಎಂದು ಹೊಡೆಯಿತು. ಮರುದಿನ ಮುಂಜಾನೆ ರೇವವ್ವ ಸಗೀರಾಳನ್ನು ಕರೆದುಕೊಂಡು ದಾರಿ ನೋಡಲು ಹೊರಟಳು. ಬುಡದಿಂದ ತಿರುವಿನವರೆಗೆ ದಾರಿ ಕಸ ಗುಡಿಸಿದಂತೆ ಇತ್ತು. ಅವಳ ಎದೆ ತುಂಬಿ ಬಂತು. “ನಿಂತೈತಿ ನೋಡ ಸಗೀರಾ, ನಮ್ಮ ದಾರಿ ನಿಂತೈತಿ!” ಎಂದು ತಿರುವು ದಾಟಿದಳು.

ಮೇಲೆ ದಾರಿಯೇ ಇರಲಿಲ್ಲ. ಒಂದರ ಮೇಲೊಂದು, ಮೆಟ್ಟಿಲು ಮೆಟ್ಟಿಲಾಗಿ, ಕೆರೆಗಳಿದ್ದವು. ಪ್ರತಿ ಸಾಲುಗಲ್ಲಿನ ಹಿಂದೆ ಒಂದು ಕೆರೆ, ಪ್ರತಿ ಕೆರೆಯಲ್ಲಿ ಒಂದು ಆಕಾಶ. ಎಲ್ಲಿಂದ ಬಂದವೋ ಏನೋ, ಕಪ್ಪೆಗಳು ಆಗಲೇ ಸಂಸಾರ ಹೂಡಿದ್ದವು. ನಡುವೆ ಒಂದು ಬಂಡೆಯ ಮೇಲೆ ಅಮಸಿದ್ದ ಕುಳಿತಿದ್ದ. ಅವನ ಮುಖ ನೋಡಬೇಕಿತ್ತು. ಸುನೀತಾ ಹುಟ್ಟಿದಾಗಲೂ ಮಗಳ ಮುಖ ನೋಡಿ ಅವನು ಹಾಗೆ ಅರಳಿರಲಿಲ್ಲ.

“ಒಂದು ಹನಿ ಸೋರಿಲ್ಲ ರೇವಿ” ಎಂದ, ಪಿಸುಮಾತಿನಲ್ಲಿ.

“ಸೋರಿಲ್ಲ?”

“ಒಂದು ಹನಿ.”

“ಸೋರಬೇಕಾಗಿತ್ತೋ ಯಪ್ಪಾ! ಸೋರಬೇಕಾಗಿತ್ತು! ಹರಿದು ಹಾಳಾಗಿ ಹೋಗಬೇಕಾಗಿತ್ತು! ಏನು ಮಾಡಿಟ್ಟೀರಿ ಇದನ್ನ? ಹುಡುಗ ಹೇಳಿದ್ದು ಕೇಳಿದ್ರಿಲ್ಲೋ?”

“ಕೇಳೇನಿ.”

“ಮತ್ತ?”

ಅಮಸಿದ್ದ ಕೆರೆಯಲ್ಲಿ ತೇಲುತ್ತಿದ್ದ ಒಂದು ಕಡ್ಡಿ ಎತ್ತಿ ಹೊರಗೆ ಒಗೆದ. “ಕೇಳೇನಿ ಖರೆ” ಎಂದ. ಅಷ್ಟೇ.

ಸಗೀರಾ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. “ಅಕ್ಕಾ, ನಾಳೆ ಅರಿವಿ ಒಗಿಯಾಕ ಇಲ್ಲಿಗೇ ಬರೂಣೇನು?” ಎಂದಳು. ರೇವವ್ವ ಅವಳ ಕಡೆ ನೋಡಿದ ನೋಟಕ್ಕೆ ಕಪ್ಪೆಗಳು ಕೂಡ ಸುಮ್ಮನಾದವು.

ಹೊತ್ತೇರುವುದರೊಳಗೆ ಊರಿಗೆಲ್ಲ ಸುದ್ದಿ ಮುಟ್ಟಿತು. ಜನ ಹತ್ತಿ ಬಂದರು, ಸೊಂಟದ ಮೇಲೆ ಕೈ ಇಟ್ಟು ನಿಂತರು, ಹೊಗಳಿದರು. “ಕೈ ಅಂದ್ರ ಅಮಸಿದ್ದಣ್ಣನ ಕೈ. ಗುಡ್ಡದ ಮ್ಯಾಲೆ ನೀರು ನಿಲ್ಲಿಸ್ಯಾನ ಮಾರಾಯ!” ರೇವವ್ವ ಪ್ರತಿಯೊಬ್ಬರಿಗೂ ಇದು ತಪ್ಪು, ಇದು ದಾರಿ, ಇಲ್ಲಿ ನೀರು ನಿಲ್ಲಬಾರದು ಎಂದು ಹೇಳಿ ಹೇಳಿ ಗಂಟಲು ಕೆಡಿಸಿಕೊಂಡಳು. ಅವರು ಹೂಂ ಎಂದು ತಲೆ ಆಡಿಸಿ, ಮತ್ತೆ ನೀರಿನ ಕಡೆ ತಿರುಗಿ, “ಆದರೂ ಒಂದು ಹನಿ ಸೋರಿಲ್ಲ ನೋಡು” ಎನ್ನುತ್ತಿದ್ದರು.

ಅಶ್ಫಾಕ ಮದುವೆ ಮುಗಿಸಿ ಅಂದೇ ಬಂದ. ಕೈಯಲ್ಲಿ ಮದುವೆಯ ಮಿಠಾಯಿಯ ಡಬ್ಬಿ. ತಿರುವು ದಾಟಿದವನು ಡಬ್ಬಿಯನ್ನು ತಲೆಯ ಮೇಲೆ ಇಟ್ಟುಕೊಂಡು ಕುಳಿತುಬಿಟ್ಟ.

“ಕಾಕಾ, ಆಲಮಟ್ಟಿ ಸಾಲಲಿಲ್ಲ ಅಂತ ಇನ್ನೊಂದು ಕಟ್ಟೀರೇನು? ಸೋಮವಾರ ಇಲಾಖೆ ಮೇಡಂ ದಾರಿ ನೋಡಾಕ ಬರತಾರ. ಕಾಕಿ, ನೀವರೆ ನೋಡಬಾರದಾಗಿತ್ತೇನ್ರಿ?”

ಆ ಮಾತು ರೇವವ್ವನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ನೋಡಿದ್ದಳಲ್ಲ! ನಿಂತು ನೋಡಿ, ಚಂದ ಅಂದಿದ್ದಳಲ್ಲ! ಗಂಡನ ಮೇಲಿನ ಸಿಟ್ಟಿನ ಒಳಗೆ ತನ್ನ ಮೇಲಿನ ಸಿಟ್ಟು ಇನ್ನೊಂದು ಇತ್ತು, ಅದನ್ನು ಯಾರ ಮೇಲೆ ತೀರಿಸಬೇಕೋ ತಿಳಿಯಲಿಲ್ಲ. ಅಶ್ಫಾಕನ ಡಬ್ಬಿ ಕಸಿದುಕೊಂಡು ಒಂದು ಲಾಡು ಬಾಯಿಗೆ ಹಾಕಿಕೊಂಡು, ಅಗಿಯುತ್ತಲೇ ಗುಂಪಿಗೆ ಹೇಳಿದಳು: “ಗುದ್ದಲಿ ತಗೋರಿ. ಒಡೀರಿ ಎಲ್ಲಾ.”

ಯಾರೂ ಕದಲಲಿಲ್ಲ.

ಮಗಳ, ನಿಮ್ಮ ಕಡೆ ಹ್ಯಾಂಗೋ ನಾ ಕಾಣೆ. ನಮ್ಮ ಕಡೆ ಜಗಳಾಡಿದರೆ ಬಣವೆಗೆ ಬೆಂಕಿ ಇಟ್ಟವರಿದ್ದಾರೆ, ಗಿಡ ಕಡಿದವರಿದ್ದಾರೆ. ಆದರೆ ನೀರು ತುಂಬಿ ನಿಂತ ಒಡ್ಡಿಗೆ ಗುದ್ದಲಿ ಹಾಕಿದವನನ್ನು ಊರು ಮರೆಯುವುದಿಲ್ಲ. ಅವನು ಸತ್ತ ಮೇಲೂ ಅವನ ಮನೆಗೆ ಒಡ್ಡು ಒಡೆದವರ ಮನೆ ಎಂದೇ ಹೆಸರು.

“ನಾ ಒಲ್ಲೆವ್ವ” ಎಂದಳು ಸಗೀರಾ. ನಗೆ ಎಲ್ಲ ಹೋಗಿತ್ತು. “ಒಡ್ಡು ಒಡೆದವರ ಮನಿ ಮದುವಿಗೆ ನಮ್ಮ ಮಾವ ಇವತ್ತಿಗೂ ಹೋಗಂಗಿಲ್ಲ. ನಾಳೆ ನನ್ನ ಕೈಯಾಗಿಂದ ನೀರಿನ ತಂಬಗಿ ಇಸ್ಕೊಳ್ಳಂಗಿಲ್ಲ ಅಂವ.”

“ಇದು ಒಡ್ಡಲ್ಲ, ದಾರಿ!”

“ನೀರು ನಿಂತೈತೆಲ್ಲ ಅಕ್ಕಾ.”

“ಎಲ್ಲರೂ ಗೋವಾಕ್ಕ ನಡೀರಿ ಹಂಗಾರ. ಪತ್ರಾಸಿನ ಕೆಳಗ ಕುಂತು ಪುಣ್ಯ ಎಣಿಸಿಕೋರಿ!” ಎಂದು ರೇವವ್ವ ತಾನೇ ಗುದ್ದಲಿ ಎತ್ತಿದಳು. ಎಲ್ಲಕ್ಕಿಂತ ಕೆಳಗಿನ ಕೆರೆಯ ಮುಂದೆ ಕಾಲೂರಿ ನಿಂತಳು. ಅವಳು ಹೊಳೆಸಾಲಿನವಳು, ನೀರು ಹರಿದು ಹೋಗುವುದನ್ನು ನೋಡುತ್ತಲೇ ಬೆಳೆದವಳು, ಅವಳಿಗೇನು? ಗುದ್ದಲಿ ಮೇಲೆ ಹೋಯಿತು. ಮೇಲೆಯೇ ನಿಂತಿತು. ಇಷ್ಟು ವರ್ಷ ಈ ಒಣ ನೆಲದಲ್ಲಿ ಕೊಡ ಹೊತ್ತ ತೋಳು ಕೆಳಗೆ ಇಳಿಯಲೊಲ್ಲದು. ಹಿಂದೆ ನಿಂತ ಜನ ನೋಡುತ್ತಿದ್ದರು. ಅಮಸಿದ್ದ ಮಾತ್ರ ನೋಡುತ್ತಿರಲಿಲ್ಲ, ಮುಖ ಆಚೆ ತಿರುಗಿಸಿದ್ದ.

ರೇವವ್ವ ಗುದ್ದಲಿ ಒಗೆದಳು. “ಇವನ ಮನಿಗೆ ಬಂದು ನನ್ನ ಕೈನೂ ಹಾಳಾತು!” ಎಂದು ಬೈಯುತ್ತ ಗುಡ್ಡ ಇಳಿದಳು. ಅಂದು ಅವಳ ದನಿ ನನಗೆ ಇಲ್ಲಿಯವರೆಗೆ ಕೇಳಿತು. ಮನೆಗೆ ಬಂದು ಹಾಲು ಉಕ್ಕಿಸಿದಳು, ಬೆಕ್ಕಿಗೆ ಬೈದಳು, ಬೆಕ್ಕು ಎರಡು ದಿನ ನಮ್ಮ ಮನೆಯಲ್ಲೇ ಇತ್ತು.

ಮರುದಿನ ಮುಂಜಾನೆ ಮತ್ತೆ ಹತ್ತಿದಳು, ಏನಾದರೂ ದಾರಿ ಹೊಳೆಯಬಹುದೆಂದು. ಹೊಳೆಯುವುದು ಎಲ್ಲಿಂದ? ಮಾಳಿಂಗರಾಯನ ಕುರಿಗಳು ಆಗಲೇ ದಾರಿಯ ತುಂಬ ನಿಂತು ನೀರು ಕುಡಿಯುತ್ತಿದ್ದವು. ಬದಿಯೆಲ್ಲ ತುಳಿದು ಹಿಕ್ಕೆ ಹಾಕಿದ್ದವು. ಮಾಳಿಂಗರಾಯ ಕೋಲಿಗೆ ಗಲ್ಲ ಇಟ್ಟು ನಿಂತಿದ್ದ.

“ಏ ಮಾಳಿಂಗ್ಯಾ, ಹೊಡಿ ನಿನ್ನ ಕುರಿ! ಬ್ಯಾರೆ ಎಲ್ಲೂ ನೀರಿಲ್ಲೇನು ಇವಕ್ಕ?”

“ಎಲ್ಲೈತಿ? ತಿರುವಿನ ಬಾಜೂಕ ಹಳೇ ಕಲ್ಲಿನ ಕುಣಿ ಐತಿ, ಅದರ ಬಾಯಿ ಹರಿದು ಹೋಗೈತಿ, ಹನಿ ನಿಂದ್ರಂಗಿಲ್ಲ. ಇಲ್ಲಿ ದೇವರು ನಿನ್ನ ಗಂಡನ ಕೈಲೆ ಕೊಟ್ಟಾನ. ನಾವು ದಿನಾ ಬರಾವ್ರೇ.”

ರೇವವ್ವ ಇನ್ನೊಂದು ಬೈಗುಳಕ್ಕೆ ಬಾಯಿ ತೆರೆದವಳು ಹಾಗೇ ನಿಂತಳು. ತಿರುವಿನ ಮಗ್ಗುಲಿಗೆ ಹೋಗಿ ಕುಣಿ ನೋಡಿದಳು. ಹಿಂದೆ ಯಾವ ಕಾಲದಲ್ಲೋ ಮನೆಗಳಿಗೆ ಕಲ್ಲು ಒಡೆದ ಹೊಂಡ ಅದು. ಮೂರು ಕಡೆ ಬಂಡೆ, ಇಳಿಜಾರಿನ ಕಡೆ ಮಾತ್ರ ತೆರೆದಿತ್ತು. ತಿರುವಿನಿಂದ ಮೇಲಿನ ನೀರೆಲ್ಲ ಓರೆಯಾಗಿ ಸರಿದರೆ ಬೀಳುವುದು ಇಲ್ಲಿಗೇ.

ಒಡ್ಡು ಒಡೆಯುವುದಿಲ್ಲ ಎಂದೆನಲ್ಲ, ಆದರೆ ನೀರು ಕೇಳುವ ಪದ್ಧತಿ ನಮ್ಮಲ್ಲಿ ಇದೆ. ಕೆಳಗಿನ ಹೊಲದವನು ತನ್ನ ಒಡ್ಡು ಗಟ್ಟಿ ಮಾಡಿಕೊಂಡು, ಮೇಲಿನ ಹೊಲದವನ ಹತ್ತಿರ ಬಂದು, ನೀರು ಬಿಡುತ್ತೀಯೇನು ಎಂದು ಬಾಯಿ ಬಿಟ್ಟು ಕೇಳಬೇಕು. ಕೇಳಿದರೆ ಮೇಲಿನವನು ಇಲ್ಲ ಎನ್ನುವುದಿಲ್ಲ. ತನ್ನ ಕೈಯಿಂದಲೇ ಒಡ್ಡಿನ ಒಂದು ಮಗ್ಗುಲು ತೆಗೆದು ನೀರು ಕಳಿಸುತ್ತಾನೆ. ಒಡೆದದ್ದು ಅನ್ನಿಸುವುದಿಲ್ಲ ಅದು, ಕೊಟ್ಟದ್ದು ಅನ್ನಿಸುತ್ತದೆ.

“ಮಾಳಿಂಗರಾಯ” ಎಂದಳು ರೇವವ್ವ, ದನಿಯಲ್ಲಿ ಒಮ್ಮೆಲೇ ಜೇನು. “ಈ ಕುಣಿಗೆ ನಮ್ಮ ಮನ್ಯಾವರು ಒಡ್ಡು ಹಾಕಿಕೊಟ್ರ, ನೀ ಅವರ ಹತ್ರ ನೀರು ಕೇಳ್ತಿಯೇನಪಾ?”

“ಯಾರು, ನಾನು? ಅಮಸಿದ್ದನ ಹತ್ರ?” ಮಾಳಿಂಗರಾಯ ಕೋಲು ಬಿಟ್ಟು ನೆಟ್ಟಗಾದ. “ಹೋದ ವರ್ಷ ನನ್ನ ಮರಿ ಅವನ ತೊಗರಿಗೆ ಬಾಯಿ ಹಾಕಿದ್ದಕ್ಕ ಎಷ್ಟು ಬೈದಾನ ಗೊತ್ತೇನು? ಸತ್ರೂ ಕೇಳಂಗಿಲ್ಲ.”

ಜೇನು ಅಲ್ಲಿಗೇ ಮುಗಿಯಿತು. “ಒಂದು ಮಾತು ಕೇಳಿದ್ರ ರುಮಾಲು ಉದುರತೈತೇನು ನಿಂದು? ಇಲ್ಲಿ ಸೋಮವಾರ ನಮ್ಮ ಗುಂಪಿನ ಕೆಲಸ ಹೋಗತೈತಿ, ಇಂವ ತೊಗರಿ ಹಿಡ್ಕೊಂಡು ಕುಂತಾನ! ಕೇಳು. ಇಲ್ಲಂದ್ರ ನಿನ್ನ ಹೆಂಡ್ತಿ ಮುಂದ ಹೇಳತೇನಿ, ಕುರಿ ಬಿಟ್ಟು ಬೇವಿನ ಗಿಡದ ಕೆಳಗ ಎಷ್ಟೊತ್ತು ಮಲಗತಿ ಅಂಬೋದನ್ನ.”

ಮಾಳಿಂಗರಾಯ ಬಂದ. ಮುಖ ಗುಡ್ಡದ ಕಡೆ, ಮಾತು ಅಮಸಿದ್ದನ ಕಡೆ. “ನೀರು ಬಿಡ್ತೀಯೇನು?” ಎಂದು ಗೊಣಗಿದ.

ಅಮಸಿದ್ದ ಬಂಡೆಯ ಮೇಲಿನಿಂದ ಏಳಲಿಲ್ಲ. “ಕೇಳಸಲಿಲ್ಲ.”

“ನೀರು ಬಿಡ್ತೀಯೇನು ಅಂದ್ನಿ!”

“ಎಲ್ಲಿಗೆ?”

“ಕುಣಿಗೆ!”

“ಕುಣಿಗೆ ಒಡ್ಡು ಐತೇನು?”

“ನೀ ಹಾಕ್ತಿ ಅಂತ ನಿನ್ನ ಹೆಂಡ್ತಿ ಅಂದಾಳಲ್ಲೋ ಮಾರಾಯ!”

ಅಮಸಿದ್ದ ಎದ್ದ. ಕುಣಿಯ ಸುತ್ತ ತಿರುಗಿದ, ಬಂಡೆಗೆ ಕೈ ಹಚ್ಚಿ ನೋಡಿದ, ಮಣ್ಣು ಹಿಡಿದು ಮೂಸಿದ. ರೇವವ್ವ ಹಲ್ಲು ಕಚ್ಚಿಕೊಂಡು ಕಾದಳು. ಮಾಡಾವ್ರೇನು ಇಲ್ಲೋ ಎಂದು ಅವಳು ಕೂಗುವುದಕ್ಕೂ, ಅವನು ಪಂಜೆ ಮೇಲೆ ಕಟ್ಟುವುದಕ್ಕೂ ಸರಿಹೋಯಿತು. ಸಂಜೆಯೊಳಗೆ ಕುಣಿಯ ಬಾಯಿಗೆ ಒಡ್ಡು ನಿಂತಿತು. ರವಿವಾರ ಮುಂಜಾನೆ ಅಮಸಿದ್ದ ತನ್ನ ಕೈಯಿಂದಲೇ ಮೊದಲನೆಯ ಸಾಲುಗಲ್ಲಿನ ತುದಿ ತೆಗೆದ. ನೀರು ಸರ್ ಎಂದು ಸರಿದು ಕುಣಿಗೆ ಇಳಿಯಿತು. ಆಗ ಗುಂಪಿಗೆಲ್ಲ ಕೈ ಬಂತು. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಕೆರೆ ಖಾಲಿ ಮಾಡಿದರು, ಕಲ್ಲು ಕಿತ್ತರು, ಓರೆಯಾಗಿ ಹುಗಿದರು. ಅಶ್ಫಾಕ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಓಡುತ್ತ, “ತಗ್ಗು ಕಾಕಾ, ಇನ್ನೂ ತಗ್ಗು” ಎಂದು ಬೇಡಿಕೊಳ್ಳುತ್ತಿದ್ದ. ರೇವವ್ವ ಗಂಡನ ಬೆನ್ನ ಹಿಂದೆಯೇ ನಿಂತಿದ್ದಳು. ಅವನ ಕೈ ಕಲ್ಲಿನ ತುದಿಯನ್ನು ತುಸು ಮೇಲಕ್ಕೆ ತಿರುಗಿಸಿದರೆ ಸಾಕು, ಅವಳ ಗಂಟಲು ಕೆಮ್ಮುತ್ತಿತ್ತು.

ಆದರೂ ಎಲ್ಲ ಮುಗಿಯಲಿಲ್ಲ. ಸೋಮವಾರ ಮೇಡಂ ಬಂದಾಗ ತುದಿಯ ಕೆಲವು ಕೆರೆಗಳು ಹಾಗೇ ಇದ್ದವು. ಮೇಡಂ ಹೆಸರು ರಾಜಶ್ರೀ. ದಪ್ಪ ಬೂಟು, ತಲೆಗೆ ಟೊಪ್ಪಿಗೆ, ಮಾತು ಕಡಿಮೆ. ಹತ್ತತೊಡಗಿದಾಗಲೇ ಮೋಡ ಕಟ್ಟಿತು, ತಿರುವಿಗೆ ಬರುವಾಗ ಮಳೆ ಹಿಡಿಯಿತು. ಹೊಸದಾಗಿ ಹುಗಿದ ಕಲ್ಲುಗಳ ಗುಂಟ ನೀರು ಹೊರಗೆ ಸರಿಯುವುದನ್ನು ಮೇಡಂ ನಿಂತು ನೋಡಿದರು. ರೇವವ್ವ ಮುಂದಿನದನ್ನು ಹೇಗೆ ಮುಚ್ಚಿಡಲಿ ಎಂದು ಯೋಚಿಸುವಷ್ಟರಲ್ಲಿ ಮೇಡಂ ಬೂಟು ತುದಿಯ ಕೆರೆಯೊಳಗೆ ಪಾದ ಮುಳುಗುವವರೆಗೆ ಇಳಿಯಿತು.

“ಏನ್ರಿ ಇದು?”

ಅಶ್ಫಾಕ ಏನೋ ತೊದಲಿದ. ರೇವವ್ವನಿಗೆ ಅಷ್ಟು ದಿನದ ಸಿಟ್ಟೆಲ್ಲ ಒಮ್ಮೆಲೇ ಬಂತು.

“ಒಡ್ಡು ರೀ ಮೇಡಂ! ಇವರು ನಮ್ಮ ಮನ್ಯಾವರು. ನೀರು ಹೊರಗ ಹಾಕ್ರಿ ಅಂದ್ರ ಒಳಗ ನಿಲ್ಲಿಸ್ಯಾರ. ನಾ ನೋಡಿ ಚಂದ ಅಂದೇನಿ. ಒಡೀರಿ ಅಂದ್ರ ಯಾರೂ ಒಡೀಲಿಲ್ಲ, ನನ್ನ ಕೈನೂ ಇಳೀಲಿಲ್ಲ. ಈಗ ಕೆಳಗ ಒಂದು ಹೊಂಡ ಮಾಡೇವಿ, ಅದಕ್ಕ ಬಿಡಾಕತ್ತೇವಿ, ಇನ್ನಾ ಇಷ್ಟು ಉಳದೈತಿ. ಏನ್ ಮಾಡ್ತೀರಿ ಮಾಡ್ರಿ, ನನಗ ಸಾಕಾಗೇತಿ!”

ಮಳೆ ಸುರಿಯುತ್ತಿತ್ತು. ಮೇಡಂ ಬೂಟನ್ನು ಕೆಸರಿನಿಂದ ಕಿತ್ತುಕೊಂಡರು. ನೀರನ್ನು ನೋಡಿದರು, ಅಮಸಿದ್ದನನ್ನು ನೋಡಿದರು.

“ನಮ್ಮೂರು ಹೊರ್ತಿ ರೀ” ಎಂದರು. “ಒಡೀರಿ ಅನ್ನಾಕ ನನಗೂ ಬಾಯಿ ಬರವಲ್ದು. ಲಗೂನ ತಿರುವಿ ಬಿಡ್ರಿ.” ಆಮೇಲೆ ಕೆಳಗೆ ಬಂದು ಕುಣಿಯ ಒಡ್ಡಿನ ಮುಂದೆ ನಿಂತರು. “ಇದು ನಕಾಶೆದಾಗ ಇಲ್ಲ. ಇದರ ನೀರು ದಾರಿಗೆ ಮುಟ್ಟಬಾರದು. ಹಸ್ತ ಮಳೆ ಆದ ಮ್ಯಾಲೆ ನಾ ಮತ್ತ ಬರ್ತೇನಿ. ಆವಾಗ ಈ ತಿರುವು ಒಣಗಿದ್ರ ದಾರಿ ಕೆಲಸ ನಿಮ್ಮದೇ. ಹಸಿ ಇದ್ರ ಹೊಂಡ ಮುಚ್ಚಿಸಿ ಬ್ಯಾರೆ ಗುಂಪು ತರಸ್ತೇನಿ. ಆತಿಲ್ಲೋ?”

ಅಮಸಿದ್ದ ಬಾಯಿ ತೆರೆದ. ರೇವವ್ವ ಅವನ ಪಾದದ ಮೇಲೆ ಪಾದ ಇಟ್ಟಳು. “ಆತ್ರಿ” ಎಂದಳು.

ಇಷ್ಟಕ್ಕೆ ಮುಗಿದಿದ್ದರೆ ನಾನು ನಿನ್ನನ್ನು ಇಷ್ಟು ಹೊತ್ತು ಕೂಡಿಸಿಕೊಳ್ಳುತ್ತಿರಲಿಲ್ಲ. ಉಳಿದ ಕಲ್ಲುಗಳೂ ತಿರುಗಿದವು. ನಾಲ್ಕು ಮಳೆ ಬಿದ್ದರೂ ಮೇಲಿನ ದಾರಿ ನಿಂತಿದೆ, ಹಸ್ತ ಇನ್ನೂ ಬರಬೇಕು. ಹೊಂಡ ತುಂಬಿದೆ, ಮಾಳಿಂಗರಾಯನ ಕುರಿಗಳು ದಪ್ಪಗಾಗಿವೆ. ಆದರೆ ಅಮಸಿದ್ದನಿಗೆ ಹೊಂಡದ ಹುಚ್ಚು ಹಿಡಿದಿದೆ. ಪ್ರತಿ ಮಳೆಯ ಮರುದಿನ ಅವನು ಗುಡ್ಡ ಹತ್ತುತ್ತಾನೆ, ಒಡ್ಡಿನ ಮೇಲೆ ಇನ್ನೊಂದು ಸಾಲು ಕಲ್ಲು ಇಡುತ್ತಾನೆ. ಹೊಂಡ ಏರುತ್ತದೆ. ಏರಿದ ನೀರು ತಿರುವಿನ ಅಂಚಿಗೆ ಬರುತ್ತದೆ. ರೇವವ್ವ ಬೆನ್ನು ಹತ್ತಿ ಹೋಗಿ ಆ ಸಾಲು ತೆಗೆಸಿ ಬರುತ್ತಾಳೆ. ಒಡೆಯಲು ಬರುವುದಿಲ್ಲವಲ್ಲ, ಅವನಿಂದಲೇ ತೆಗೆಸಬೇಕು, ಅದಕ್ಕೆ ಮಾಳಿಂಗರಾಯನನ್ನು ಹಿಡಿದು ತಂದು ಪ್ರತಿ ಸಲ ನೀರು ಕೇಳಿಸಬೇಕು. ಮಾಳಿಂಗರಾಯ ಈಗ ರೇವವ್ವನ ದನಿ ಕೇಳಿದರೆ ಕುರಿ ಬಿಟ್ಟು ಓಡುತ್ತಾನೆ. “ತುಸು ಏರಿಸೇನಿ ರೇವಿ, ತುಸು” ಎನ್ನುತ್ತಾನಂತೆ ಅಮಸಿದ್ದ. ಆ ತುಸುವಿನಲ್ಲೇ ಅವಳ ಮಾಳಿಗೆಯ ನಿದ್ದೆ ಮುಳುಗುತ್ತದೆ ಎಂದು ಅವನಿಗೆ ತಿಳಿದಿಲ್ಲವೇ? ತಿಳಿದಿದೆ. ಕೇಳೇನಿ ಖರೆ ಎನ್ನುತ್ತಾನೆ.

ಇವತ್ತ ಅಕಿ ಊರಾಗಿಲ್ಲ. ಮಗಳು ಸುನೀತಾನ ಕೂಸಿನ ತೊಟ್ಟಲ ಕಾರ್ಯ ಅಂತ ಮುದ್ದೇಬಿಹಾಳಕ್ಕ ಹೋಗ್ಯಾಳ. ನಿನ್ನಿ ಮಳಿ ಆಗೈತಿ. ಅಂವ ಮುಂಜಾನೆ ಎದ್ದು ಮ್ಯಾಲೆ ಹೋದದ್ದನ್ನ ನನ್ನ ಕಣ್ಣಾರೆ ನೋಡೇನಿ, ನನಗ ಈ ಮೊಣಕಾಲು ಏಳಂಗಿಲ್ಲ. ನೀ ಹ್ಯಾಂಗೂ ಆ ಕಡೆನೇ ಹೊಂಟಿ. ಈ ಗಂಟು ತಗೋ, ರೊಟ್ಟಿ, ಝುಣಕ, ಶೇಂಗಾ ಚಟ್ನಿ ಐತಿ, ತಿರುವಿನ ಹೊಂಡದ ಹತ್ರ ಕೊಡು, ಆಯಿ ಕೊಟ್ಟಾಳ ಅನ್ನು. ಅಂವ ನಾಚಿಗಿ ಮನಷ್ಯಾ, ಒಲ್ಲೆ ಅಂತಾನ, ನೀ ಎದುರಿಗೆ ಕುಂತು ಉಣ್ಣಿಸು. ರೊಟ್ಟಿ ಮುರಿಯಾಕ ಎರಡೂ ಕೈ ಹಚ್ಚಿದಾಗ ಬಾಜೂಕ ಇಟ್ಟ ಸಲಿಕಿ ಎತ್ತಿಕೊಂಡು ಸೀದಾ ಕೆಳಗ ಬಂದುಬಿಡು. ಅಂವ ಕೂಗಿದ್ರ ತಿರುಗಿ ನೋಡಬ್ಯಾಡ.